ಚುಕ್ಕಾಣಿಗ ಸುಗುಣಾನಂದನ್ ಕಡಲು ದಾಟಿದ್ದು

ಕುಟ್ಟನಾಡಿನ ನೆಡುಂತುರುತ್ತಿನಲ್ಲಿ ಸುಗುಣಾನಂದನ್ ಎಂಬ ಒಂದೇ ಹೆಸರಿನಲ್ಲಿ ಇಬ್ಬರು ಗಂಡಸರು ವಾಸವಾಗಿದ್ದರು. ಒಬ್ಬ ಬಾತುಕೋಳಿ ಸಾಕುವವನು. ಕೊಯ್ಲು ಮುಗಿದ ಗದ್ದೆಯಿಂದ ಗದ್ದೆಗೆ ಸಾವಿರಾರು ಬಾತುಗಳ ದಂಡನ್ನು ಕಾಲುವೆಗುಂಟ ನಡೆಸಿಕೊಂಡು ಹೋಗುವವನು. ಹರಕು ಬನಿಯನ್, ಮೊಣಕಾಲ ಮೇಲಕ್ಕೆ ಮಡಚಿದ ಮುಂಡು, ತಲೆಗೊಂದು ಟವೆಲು, ಕೈಯಲ್ಲಿ ಉದ್ದನೆಯ ಬಿದಿರು ಕೋಲು, ಮೈಯೆಲ್ಲ ಬಾತಿನ ವಾಸನೆ. ಇನ್ನೊಬ್ಬ, ನೆಡುಂತುರುತ್ತಿನ ಚುಂಡನ್ ಎಂಬ ಉದ್ದನೆಯ ಪಂದ್ಯದ ದೋಣಿಯ ಮೊದಲ ಚುಕ್ಕಾಣಿಗ. ಈ ಎರಡನೆಯವನು ವರ್ಷಕ್ಕೊಮ್ಮೆ, ಓಣಂ ಹತ್ತಿರ ಬಂದಾಗ, ಮೊದಲನೆಯವನ ಮೈಯೊಳಗಿಂದ ಎದ್ದು ಬರುತ್ತಿದ್ದ. ಆಗ ಬನಿಯನ್ ಹೋಗಿ ಇಸ್ತ್ರಿಯ ಬಿಳಿ ಮುಂಡು ಬರುತ್ತಿತ್ತು. ಮೀಸೆಗೆ ಎಣ್ಣೆ ಬೀಳುತ್ತಿತ್ತು. ಹೆಂಡತಿ ತಂಗಮಣಿ ಕೂಡ ಆ ದಿನಗಳಲ್ಲಿ "ಊಟಕ್ಕೆ ಬನ್ನಿ" ಎಂದು ಬಾಯಿಬಿಟ್ಟು ಕರೆಯುತ್ತಿದ್ದಳು. ಉಳಿದ ತಿಂಗಳುಗಳಲ್ಲಿ ತಟ್ಟೆ ಕುಕ್ಕಿದ ಸದ್ದೇ ಕರೆ.

ಚುಂಡನ್ ದೋಣಿಯಲ್ಲಿ ನೂರು ಜನ ಹುಟ್ಟು ಹಾಕಿದರೂ ಹೆಸರು ಬರುವುದು ಚುಕ್ಕಾಣಿಗರಿಗೆ. ದೋಣಿಯ ಮೂತಿ ನೀರಿಗೆ ಮುತ್ತಿಡುವಷ್ಟು ತಗ್ಗು; ಹಿಂಬದಿ ಮಾತ್ರ ಹೆಡೆಯೆತ್ತಿದ ಸರ್ಪ. ಆ ಹೆಡೆಯ ಬುಡದಲ್ಲಿ ನಾಲ್ವರು ಚುಕ್ಕಾಣಿಗರು ನಾಲ್ಕು ಉದ್ದನೆಯ ಹುಟ್ಟು ಹಿಡಿದು ನಿಲ್ಲುತ್ತಾರೆ. ನಾಲ್ವರಲ್ಲಿ ಮೊದಲನೆಯವನು ರಾಜ. ಮಿಕ್ಕ ಮೂವರು, ಸುಗುಣನ್‌ನ ಅಭಿಪ್ರಾಯದಲ್ಲಿ, ರಾಜನಿಗೆ ನೆರಳಾಗಲೆಂದು ನಿಲ್ಲಿಸಿದವರು. ಅದರಲ್ಲೂ ನಾಲ್ಕನೆಯವನ ಬಗ್ಗೆ ಅವನಿಗೆ ಬಹಳ ಕನಿಕರ. "ನಾಲ್ಕನೇ ಚುಕ್ಕಾಣಿ ಅಂದ್ರೆ ಮದುವೆ ಫೋಟೋದಲ್ಲಿ ಹಿಂದಿನ ಸಾಲಿನ ಚಿಕ್ಕಪ್ಪ ಇದ್ದ ಹಾಗೆ. ಇದ್ದ ಅಂತ ಅವನೇ ಹೇಳ್ಬೇಕು," ಎಂದು ಎಷ್ಟೋ ಸಲ ಕಳ್ಳಂಗಡಿಯ ಬೆಂಚಿನ ಮೇಲೆ ಕೂತು ಅಪ್ಪಣೆ ಕೊಡಿಸಿದ್ದ.

ಹೀಗಿರುವಾಗ ಹೋದ ವರ್ಷದ ದೊಡ್ಡ ಪಂದ್ಯದ ಫೈನಲ್‌ನಲ್ಲಿ ನೆಡುಂತುರುತ್ತಿನ ದೋಣಿ ಮುಂದಿತ್ತು, ಗೆಲುವು ಕಣ್ಣಿಗೆ ಕಾಣುತ್ತಿತ್ತು, ಅಷ್ಟರಲ್ಲಿ ಸುಮ್ಮನೆ ಎಡಕ್ಕೆ ವಾಲಿತು. ಪಕ್ಕದ ದೋಣಿ ಮೀಸೆಯಷ್ಟು ಅಂತರದಲ್ಲಿ ನುಗ್ಗಿಹೋಯಿತು. ದಡಕ್ಕೆ ಬಂದ ಸುಗುಣನ್ ಹೇಳಿದ್ದು ಒಂದೇ ಮಾತು: "ಅಂತರಗಂಗೆ ಕಳೆ. ಹುಟ್ಟಿಗೆ ಸಿಕ್ಕಿಹಾಕಿಕೊಳ್ತು."

ಹಿನ್ನೀರಿನಲ್ಲಿ ಅಂತರಗಂಗೆ ಇರುವುದು ಸುಳ್ಳಲ್ಲ. ಆದರೆ ಪಂದ್ಯದ ದಿನ ಆ ಹಾದಿಯನ್ನೆಲ್ಲ ಗುಡಿಸಿ ಚೊಕ್ಕ ಮಾಡಿರುತ್ತಾರೆ. ಅಂದಿನಿಂದ ಊರಿನಲ್ಲಿ ಏನು ಕೆಟ್ಟರೂ ಅಂತರಗಂಗೆಯೇ ಕಾರಣ. ಬಸ್ಸು ತಪ್ಪಿತೇ? ಅಂತರಗಂಗೆ. ಹುಡುಗಿ ಒಪ್ಪಲಿಲ್ಲವೇ? ಅಂತರಗಂಗೆ. ಚರ್ಚಿನ ಪಕ್ಕದ ಸೋಡಾ ಅಂಗಡಿಯವನಂತೂ ಬಾಟಲಿಯ ಗೋಲಿ ಒಳಗೆ ಬೀಳದಿದ್ದರೆ, "ಸುಗುಣಣ್ಣ, ನಿಮ್ಮ ಕಳೆ ಇಲ್ಲಿಗೂ ಬಂತು ನೋಡಿ," ಎನ್ನುತ್ತಿದ್ದ.

ಈ ವರ್ಷ ಅಭ್ಯಾಸ ಶುರುವಾಗುವ ಮೊದಲು ದೋಣಿ ಕ್ಲಬ್ಬಿನ ಸಭೆ ಸೇರಿತು. ಅಧ್ಯಕ್ಷರು ನಾಲ್ಕು ಸಲ ಗಂಟಲು ಸರಿಮಾಡಿಕೊಂಡು, ಮೊದಲ ಚುಕ್ಕಾಣಿ ಬಿನುಲಾಲನಿಗೆ ಎಂದರು.

ಬಿನುಲಾಲ್ ಸುಗುಣನ್‌ನ ಶಿಷ್ಯ. ಬಾತು ಅಟ್ಟುವ ಪುಟ್ಟ ದೋಣಿಯಲ್ಲಿ ಅವನ ಕೈಗೆ ಬಿದಿರು ಕೊಟ್ಟು, ನೀರನ್ನು ನೋಡಬೇಡ, ಅಂಗಾಲಿನಲ್ಲಿ ಕೇಳಿಸಿಕೋ ಎಂದು ಕಲಿಸಿದವನೇ ಸುಗುಣನ್. ಈಗ ಅವನು ತಲೆ ತಗ್ಗಿಸಿ ಕೂತು, "ಆಶಾನೇ, ನಾನು ಕೇಳಿದ್ದಲ್ಲ," ಎಂದ. ಆ ಕಡೆ ಗುರುವಿಗೆ ಆಶಾನ್ ಎನ್ನುತ್ತಾರೆ.

"ನಿಮ್ಮನ್ನು ಬಿಡೋ ಪ್ರಶ್ನೆಯೇ ಇಲ್ಲ ಸುಗುಣನ್," ಎಂದರು ಅಧ್ಯಕ್ಷರು. "ನಾಲ್ಕನೇ ಚುಕ್ಕಾಣಿ ನಿಮಗೆ ಅಂತ ಇಟ್ಟಿದ್ದೀವಿ."

ನಾಲ್ಕನೆಯದು! ಸಭೆಯಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮಿನೊಳಗೆ ಮದುವೆ ಫೋಟೋದ ಚಿಕ್ಕಪ್ಪ ಇದ್ದ.

ಸುಗುಣನ್ ಎದ್ದು ನಿಂತ. ಹೆಗಲ ಟವೆಲನ್ನು ಕೊಡವಿದ. "ನಿಂತ್ರೆ ಮೊದಲನೆಯವನಾಗಿ ನಿಲ್ತೀನಿ. ಇಲ್ಲ ಅಂದ್ರೆ ಇವತ್ತಿಂದ ದೋಣಿ ಅನ್ನೋ ಮಾತೇ ಈ ಬಾಯಲ್ಲಿ ಬರಲ್ಲ. ನಮ್ಮಪ್ಪನಾಣೆ."

"ಆಣೆ ಗೀಣೆ ಬೇಡ," ಎಂದರು ಅಧ್ಯಕ್ಷರು. "ದೊಡ್ಡ ಪಂದ್ಯಕ್ಕೆ ಯಾರನ್ನಾದ್ರೂ ನಿಲ್ಲಿಸ್ಕೋತೀವಿ. ಓಣಂ ಆದ್ಮೇಲೆ ಸಾಲಾಗಿ ಬೇರೆ ಪಂದ್ಯಗಳಿವೆ. ಅಷ್ಟರೊಳಗೆ ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ. ಉಹೂಂ ಅಂದ್ರೆ ಆ ಜಾಗ ಬಿನುಲಾಲನ ಭಾವಮೈದುನನಿಗೆ. ಆಮೇಲೆ ಮತ್ತೆ ಕೇಳಬಾರದು."

ಮನೆಗೆ ಬಂದು ಆಣೆಯ ಸುದ್ದಿ ಹೇಳಿದಾಗ ತಂಗಮಣಿ ಮೀನು ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ನಿಮ್ಮ ಬಾಯಲ್ಲಿ ಬೇರೆ ಮಾತು ಬಂದಿದ್ದನ್ನ ನಾನು ಮದುವೆಯಾದಾಗಿಂದ ಕೇಳಿಲ್ಲ. ಇನ್ನು ಮನೇಲಿ ಒಳ್ಳೆ ನೆಮ್ಮದಿ."

ಪಂದ್ಯದ ದಿನ ಊರಿನಲ್ಲಿದ್ದರೆ ದಡದಲ್ಲಿ ನಿಲ್ಲಬೇಕು. ದಡದಲ್ಲಿ ನಿಲ್ಲುವುದೆಂದರೆ ಸೋಡಾ ಅಂಗಡಿಯವನ ಪಕ್ಕದಲ್ಲಿ ನಿಲ್ಲುವುದು. ಮಸ್ಕತ್ತಿನಲ್ಲಿದ್ದ ತಂಗಿ ವಿಲಾಸಿನಿ ವರ್ಷಗಳಿಂದ ಕರೆಯುತ್ತಲೇ ಇದ್ದಳು. ಪಾಸ್‌ಪೋರ್ಟು ಮಾಡಿಸಿಟ್ಟು ಜಿರಲೆಗಳಿಗೆ ಕೊಟ್ಟಾಗಿತ್ತು. ಸುಗುಣನ್ ಅದನ್ನು ಕೊಡವಿ ಎತ್ತಿಕೊಂಡ. ಬಾತುಗಳನ್ನು ತಂಗಮಣಿಗೂ ತಂಗಮಣಿಯನ್ನು ಬಾತುಗಳಿಗೂ ಒಪ್ಪಿಸಿ, ಒಣ ಸೀಗಡಿ, ಬಾಳೆಕಾಯಿ ಚಿಪ್ಸು, ಮೀನುಸಾರಿನ ಹುಳಿ, ಹಲಸಿನ ಹಪ್ಪಳ ಹೊತ್ತು, ವನವಾಸಕ್ಕೆ ಹೊರಟ ಚಕ್ರವರ್ತಿಯ ಮುಖಮಾಡಿಕೊಂಡು ವಿಮಾನ ಹತ್ತಿದ. ಕಿಟಕಿಯಿಂದ ಕೆಳಗೆ ನೀರು ಕಂಡಿತು. ನೀರಿನ ಮೇಲೆ ಚುಕ್ಕೆಗಳಂತೆ ಏನೋ ತೇಲುತ್ತಿದ್ದವು. ಅವು ಏನೆಂದು ಅವನಿಗೆ ಗೊತ್ತಿತ್ತು. ಪರದೆ ಎಳೆದ.

ವಿಲಾಸಿನಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಗಂಡ ಭುವನೇಂದ್ರನ್ ಏಸಿ ಮಾರುವ ಕಂಪನಿಯಲ್ಲಿ ಲೆಕ್ಕಿಗ, ಜೊತೆಗೆ ಮಲಯಾಳಿ ಸಂಘದ ಕಾರ್ಯದರ್ಶಿ. ಪಾಲಕ್ಕಾಡಿನವನು. ಅಂದರೆ ಸುಗುಣನ್‌ನ ಲೆಕ್ಕದಲ್ಲಿ ಬಾವಿಯ ನೀರು ಬಿಟ್ಟರೆ ಬೇರೆ ನೀರು ಕಾಣದವನು. ಒಳ್ಳೆಯ ಮನುಷ್ಯ, ಸ್ವಲ್ಪ ಹೆಚ್ಚೇ ಉತ್ಸಾಹ.

"ಚೇಟ್ಟಾ, ಮೊದ್ಲು ಬಂದರು ನೋಡೋಣ ಬನ್ನಿ," ಎಂದು ಕರೆದೊಯ್ದ. ಅವರ ಮಾತಿನಲ್ಲಿ ಚೇಟ್ಟನ್ ಎಂದರೆ ಅಣ್ಣ. ಬಂದರಿನಲ್ಲಿ ಸಾಲಾಗಿ ಹಳೆಯ ಕಾಲದ ಮರದ ದೋಣಿಗಳು. ಸುಗುಣನ್ ಅವುಗಳಿಗೆ ಬೆನ್ನು ಹಾಕಿ ನಿಂತು, ಎದುರಿನ ಬೋಳು ಬೆಟ್ಟವನ್ನು ಬಹಳ ಹೊತ್ತು ನೋಡಿದ.

"ಆ ಬೆಟ್ಟದಲ್ಲಿ ಏನಿದೆ ಚೇಟ್ಟಾ?"

"ಏನೂ ಇಲ್ಲ. ಅದಕ್ಕೇ ಚೆನ್ನಾಗಿದೆ."

ರಾತ್ರಿ ಭುವನೇಂದ್ರನ್ ಹೆಂಡತಿಯನ್ನು ಪಿಸುದನಿಯಲ್ಲಿ ಕೇಳಿದ: "ನಿಮ್ಮಣ್ಣಂಗೆ ಕಣ್ಣು ಸರಿಯಾಗಿದೆಯಾ?"

ಬಿನುಲಾಲನ ಫೋನು ಬರುತ್ತಲೇ ಇತ್ತು. ಹೆಸರು ಮಿನುಗಿದಾಗಲೆಲ್ಲ ಸುಗುಣನ್ ಫೋನನ್ನು ಸೋಫಾದ ದಿಂಬಿನ ಕೆಳಗೆ ಇಡುತ್ತಿದ್ದ. ದಿಂಬು ಸ್ವಲ್ಪ ಹೊತ್ತು ನಡುಗಿ ಸುಮ್ಮನಾಗುತ್ತಿತ್ತು.

ದೊಡ್ಡ ಪಂದ್ಯದ ದಿನ ಮನೆಯಲ್ಲಿ ಟೀವಿ ಹಚ್ಚಿದರು. ಸುಗುಣನ್ ಅಡುಗೆಮನೆಗೆ ಹೋಗಿ, ತಾನೇ ಮುಂದಾಗಿ ಈರುಳ್ಳಿ ಹೆಚ್ಚಲು ಕೂತ. ವಿಲಾಸಿನಿಗೆ ಆಶ್ಚರ್ಯವಾದರೂ ಈರುಳ್ಳಿ ಕೊಟ್ಟಳು. ಗೋಡೆಯಾಚೆಯಿಂದ ವೀಕ್ಷಕ ವಿವರಣೆ ಕೇಳುತ್ತಿತ್ತು. ಸೆಮಿಫೈನಲ್, ನೆಡುಂತುರುತ್ತು ಮುಂದಿದೆ, ಇನ್ನೂ ಮುಂದಿದೆ. ಸುಗುಣನ್‌ನ ಚಾಕು ಹುಟ್ಟಿನ ಲಯಕ್ಕೆ ಬಿತ್ತು. ಮನೆಗೆ ಒಂದು ವಾರಕ್ಕಾಗುವಷ್ಟು ಈರುಳ್ಳಿ ಕ್ಷಣದಲ್ಲಿ ಚೂರಾಯಿತು. ಆಮೇಲೆ ಅವನು ಬಾಗಿಲ ಸಂದಿಯಲ್ಲಿ ಒಂದು ಕಣ್ಣಿಟ್ಟ. ಒಂದೇ ಕಣ್ಣು, ಆಣೆಗೆ ಭಂಗವಿಲ್ಲದಂತೆ. ಬಿನುಲಾಲ್ ಎದೆಯುಬ್ಬಿಸಿ ನಿಂತಿದ್ದ. ಬಲಗಡೆಯಿಂದ ಗಾಳಿ ಬೀಸಿದ್ದು ದಡದ ಬಾವುಟಗಳಲ್ಲಿ ಕಂಡಿತು. ಹುಡುಗ ಹೆದರಿ ಹುಟ್ಟನ್ನು ಒತ್ತಲು ಬಗ್ಗಿದ.

"ಈಗ್ಲೇ ಬೇಡ ಕಣೋ! ತಡಿ! ತಡಿ!" ಎಂದು ಸುಗುಣನ್ ಚಾಕು ಎತ್ತಿ ಕಿರುಚಿದ.

ಹುಡುಗ ತಡೆಯಲಿಲ್ಲ. ಅವನ ಹಿಂದೆ ನಿಂತಿದ್ದ ಮೂವರೂ ತಡಿ ಎನ್ನಲಿಲ್ಲ. ದೋಣಿ ಎಡಕ್ಕೆ ವಾಲಿತು. ನೆಡುಂತುರುತ್ತು ಹೊರಬಿತ್ತು.

ಸುಗುಣನ್‌ಗೆ ಮೊದಲು ಖುಷಿಯಾಯಿತು. ಹೊಟ್ಟೆಯ ಒಳಗಿಂದ ಬಿಸಿಬಿಸಿಯಾಗಿ, ತಡೆಯಲಾಗದಂಥ ಖುಷಿ. ನಾನಿಲ್ಲದೆ ಏನಾಯ್ತು ನೋಡಿ! ಎರಡನೆಯ ಉಸಿರಿಗೆ ಟೀವಿಯವರು ಬಿನುಲಾಲನ ಮುಖವನ್ನು ಹತ್ತಿರದಿಂದ ತೋರಿಸಿದರು. ಹುಡುಗ ನೀರನ್ನೇ ನೋಡುತ್ತಿದ್ದ. ಕಳೆಗಾಗಿ ಹುಡುಕುತ್ತಿದ್ದಾನೆ ಎಂದು ಸುಗುಣನ್‌ಗೆ ಅರ್ಥವಾಯಿತು. ಹೊಟ್ಟೆಯ ಖುಷಿ ಅಲ್ಲೇ ಹಳಸಿತು.

"ಅಳ್ತಿದ್ದೀರಾ ಚೇಟ್ಟಾ?" ಎಂದು ವಿಲಾಸಿನಿ ಕೇಳಿದಳು.

"ಈರುಳ್ಳಿ," ಎಂದ ಸುಗುಣನ್. ಆಪತ್ತಿನಲ್ಲಿ ಯಾವುದಾದರೊಂದು ಸಸ್ಯದ ಮೇಲೆ ಹೊರಿಸುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು.

ಗಲ್ಫಿನ ಮಲಯಾಳಿಗಳಿಗೆ ಓಣಂ ಹಬ್ಬವಲ್ಲ, ಋತು. ಊರಿನಲ್ಲಿ ಬಾಳೆಲೆ ಒಣಗಿದ ಎಷ್ಟೋ ವಾರಗಳ ನಂತರವೂ ಒಂದೊಂದು ಶುಕ್ರವಾರ ಒಂದೊಂದು ಸಂಘದ್ದು ನಡೆಯುತ್ತಲೇ ಇರುತ್ತದೆ. ಭುವನೇಂದ್ರನ್‌ನ ಸಂಘದ್ದು ಮುಂದಿನ ಶುಕ್ರವಾರ. ಆ ಸಲದ ವಿಶೇಷವನ್ನು ಅವನು ಗುಟ್ಟಾಗಿ ಇಟ್ಟಿದ್ದ. ಒಂದು ಸಂಜೆ ಸಂಘದ ಹಾಲ್‌ಗೆ ಸುಗುಣನ್‌ನನ್ನು ಕರೆದೊಯ್ದು, ದೀಪ ಹಾಕಿ, "ನೋಡಿ ಚೇಟ್ಟಾ, ನಿಮಗೋಸ್ಕರ!" ಎಂದ.

ಹಾಲ್‌ನ ಉದ್ದಕ್ಕೂ ಒಂದು ಚುಂಡನ್ ದೋಣಿ ಮಲಗಿತ್ತು. ಏಸಿ ಬಂದ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ, ಪೈಪಿನ ಚೌಕಟ್ಟಿಗೆ ಕಟ್ಟಿ, ಕಪ್ಪು ಬಣ್ಣ ಬಳಿದಿದ್ದರು. ತಳವಿಲ್ಲ. ಗಂಡಸರು ಒಳಗೆ ನಿಂತು, ಪಟ್ಟಿಗಳನ್ನು ಹೆಗಲಿಗೆ ಹಾಕಿಕೊಂಡು, ಸೊಂಟದ ಮಟ್ಟಕ್ಕೆ ದೋಣಿಯನ್ನು ಹೊತ್ತು ನಡೆಯಬೇಕು. ಕೈಯಲ್ಲಿ ಪ್ಲೈವುಡ್ಡಿನ ಹುಟ್ಟು. ಅಲ್ಲಲ್ಲಿ ಬಣ್ಣದಡಿಯಿಂದ "ಈ ಬದಿ ಮೇಲೆ" ಎಂಬ ಬಾಣದ ಗುರುತು ಇಣುಕುತ್ತಿತ್ತು.

ಅದೆಲ್ಲ ಇರಲಿ. ಸರ್ಪದ ಹೆಡೆಯಂತೆ ಎದ್ದು ನಿಂತ ಆ ಹಿಂಬದಿಯನ್ನು ಭುವನೇಂದ್ರನ್ ಮುಂದಕ್ಕೆ ಇಟ್ಟಿದ್ದ. ಹೆಡೆಗೆ ಎರಡು ಕಣ್ಣು ಬರೆದಿದ್ದ. ಹಾರ ಹಾಕಲು ಮೊಳೆ ಹೊಡೆದಿದ್ದ. ಒಳಗೆ ಅಭ್ಯಾಸಕ್ಕೆ ನಿಂತಿದ್ದ ಲೆಕ್ಕಿಗರು, ನರ್ಸುಗಳ ಗಂಡಂದಿರು, ಬ್ಯಾಂಕಿನವರೆಲ್ಲ ಹೆಡೆಯತ್ತ ಮುಖಮಾಡಿ ಗಂಭೀರವಾಗಿ ಗಾಳಿಯಲ್ಲಿ ಹುಟ್ಟು ಹಾಕುತ್ತಿದ್ದರು. ಅಂದರೆ ಈ ಮಹಾನೌಕೆ ಮಸ್ಕತ್ತಿನ ಜನರೆದುರು ಬೆನ್ನು ಮುಂದಾಗಿ ಓಡಲಿತ್ತು.

ಸುಗುಣನ್ ಒಂದು ಹೆಜ್ಜೆ ಮುಂದಿಟ್ಟ. ಬಾಯಿ ತೆರೆದ. ಆಣೆ ನೆನಪಾಯಿತು. ಬಾಯಿ ಮುಚ್ಚಿದ. ಮತ್ತೆ ತೆರೆದ. ಮೀನಿನಂತೆ ಹೀಗೆ ಸ್ವಲ್ಪ ಹೊತ್ತು ನಡೆಯಿತು.

"ಹೇಗಿದೆ ಹೇಳಿ ಚೇಟ್ಟಾ," ಎಂದ ಭುವನೇಂದ್ರನ್, ಹೊಗಳಿಕೆಗೆ ಕಿವಿ ನಿಮಿರಿಸಿ.

"ಭುವನಾ," ಎಂದ ಸುಗುಣನ್ ನಿಧಾನವಾಗಿ. "ಒಂದು ಬಾತುಕೋಳಿ ಇದೆ ಅಂತ ಇಟ್ಕೋ."

"ಬಾತುಕೋಳಿ?"

"ಹೂಂ. ಬಾತುಕೋಳಿಗೆ ಬಾಲ ಎಲ್ಲಿರುತ್ತೆ?"

"ಹಿಂದೆ."

"ಯಾರಾದ್ರೂ ಬಾಲ ಕಿತ್ತು ಕತ್ತಿಗೆ ಅಂಟಿಸಿ, ಅದಕ್ಕೆ ಕಣ್ಣು ಬರೆದ್ರೆ ಏನಂತೀಯ?"

ಲೆಕ್ಕಿಗರು ಹುಟ್ಟು ನಿಲ್ಲಿಸಿ ತಿರುಗಿ ನೋಡಿದರು. ತಿರುವಲ್ಲಾ ಊರಿನ ಮಾಮ್ಮಚ್ಚನ್ ಎಂಬುವರು ದೋಣಿಹಾಡು ಹೇಳಿಕೊಡುತ್ತಿದ್ದವರು. ಸಂಘದಲ್ಲಿ ಬಾಯಿಗೆ ಹೆಸರಾದವರು. "ಏನ್ ಭುವನೇಂದ್ರಾ, ನಿಮ್ಮ ಭಾವ ಬಾತು ವ್ಯಾಪಾರಕ್ಕೆ ಬಂದಿದ್ದಾರಾ?" ಎಂದರು.

"ಆ ಬಾತು ಈಗ ಹಿಂದುಮುಂದಾಗಿ ಈಜ್ತಾ ಇದೆ," ಎಂದ ಸುಗುಣನ್, ಮಾಮ್ಮಚ್ಚನ್ ಕಡೆ ನೋಡದೆ. "ಎತ್ತರ ಇರೋದು ಅದರ ಬಾಲ. ತಗ್ಗಿರೋದು ಕೊಕ್ಕು. ಕೊಕ್ಕು ಮುಂದೆ ಹೋಗುತ್ತೆ. ಇದು ಪಾಲಕ್ಕಾಡಿನ ಬಾತಿಗೂ ಗೊತ್ತು."

ಭುವನೇಂದ್ರನ್ ಕೆಂಪಾದ. ಫೋನು ತೆಗೆದು ಫೋಟೋ ತೋರಿಸಿದ. "ನೋಡಿ ಇಲ್ಲಿ, ಎತ್ತರದ್ದು ಮುಂದೆ ಇದೆ!"

"ಫೋಟೋ ತೆಗೆದವನು ಹಿಂದೆ ನಿಂತಿದ್ದ. ಅದರಲ್ಲಿರೋ ನೂರು ಜನರ ಬೆನ್ನು ಕಾಣ್ತಿಲ್ವಾ?"

ಎಲ್ಲರೂ ಫೋನಿನ ಮೇಲೆ ಬಾಗಿದರು. ಬೆನ್ನುಗಳು ಕಂಡವು. ವಾರಗಟ್ಟಲೆ ಕತ್ತರಿಸಿದ ಏಸಿ ಪೆಟ್ಟಿಗೆಗಳನ್ನು ಮತ್ತೆ ಬಿಚ್ಚಬೇಕೇ ಎಂದು ಭುವನೇಂದ್ರನ್ ರಟ್ಟಿನ ಹೆಡೆಯನ್ನು ಸವರುತ್ತ ನಿಂತ. ಸುಗುಣನ್‌ಗೆ ಕನಿಕರ ಬಂತು.

"ಏನೂ ಬಿಚ್ಚೋದು ಬೇಡ. ಎಲ್ಲರೂ ಹೊರಗೆ ಬನ್ನಿ. ತಿರುಗಿ ನಿಲ್ಲಿ. ಮತ್ತೆ ಒಳಗೆ ಹೋಗಿ."

ಬಂದರು, ತಿರುಗಿದರು, ಹೋದರು. ದೋಣಿ ಸರಿಯಾಯಿತು. ಕಣ್ಣುಗಳು ಮಾತ್ರ ಉಳಿದವು. "ಇರಲಿ ಬಿಡಿ, ಹಿಂದೆ ಬರೋರನ್ನ ನೋಡ್ಕೊಳ್ಳುತ್ತೆ," ಎಂದರು ಮಾಮ್ಮಚ್ಚನ್.

ಅಂದು ರಾತ್ರಿ ಊಟಕ್ಕೆ ಕೂತಾಗ ಭುವನೇಂದ್ರನ್ ವಿನಯದಿಂದ ಕೈಮುಗಿದ. "ಚೇಟ್ಟಾ, ಬಾಲದ ಹತ್ತಿರ ನಾಲ್ಕು ಜನ ಬೇಕು. ನೀವು ನಿಲ್ಲಬೇಕು."

ಸುಗುಣನ್‌ನ ಮೀಸೆ ತಂತಾನೇ ಮೇಲೆದ್ದಿತು. ರಟ್ಟಾದರೇನು? ಚುಂಡನ್ ಚುಂಡನ್ನೇ. ದೋಣಿ ಎನ್ನುವುದಿಲ್ಲ ಎಂದು ಆಣೆಯಿಟ್ಟದ್ದು; ರಟ್ಟಿನ ಬಾತಿನಲ್ಲಿ ನಿಲ್ಲುವುದಿಲ್ಲ ಎಂದು ಯಾವ ಆಣೆಯೂ ಇರಲಿಲ್ಲ. "ಮೊದಲನೇ ಚುಕ್ಕಾಣಿ ತಾನೇ?"

ಭುವನೇಂದ್ರನ್ ಅನ್ನವನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ಸರಿಸಿದ. "ಮೊದಲನೇದು ಅಂಗಡಿ ಸಾಹುಕಾರ ಮೊಯ್ದೀನ್‌ಕುಟ್ಟಿ ಮುದಲಾಳಿಗೆ. ಹಬ್ಬದೂಟದ ಅಕ್ಕಿ ಎಲ್ಲ ಅವರದೇ ಅಂಗಡಿಯದ್ದು. ಎರಡನೇದು ಸಂಘದ ಅಧ್ಯಕ್ಷರಿಗೆ. ಮೂರನೇದು ಬ್ಯಾಂಕಿನವರಿಗೆ."

"ನನಗೆ?"

ಉತ್ತರವನ್ನು ವಿಲಾಸಿನಿ ಹೇಳಿದಳು, ನಗು ತಡೆಯಲಾಗದೆ. "ನಾಲ್ಕನೇದು ಚೇಟ್ಟಾ."

ನೆಡುಂತುರುತ್ತಿನ ನಾಲ್ಕನೆಯ ಚುಕ್ಕಾಣಿಯಿಂದ ತಪ್ಪಿಸಿಕೊಳ್ಳಲು ಕಡಲು ದಾಟಿ ಬಂದ ವೀರನ ಎದುರು, ಅದು ಇನ್ನೊಂದು ವಿಮಾನ ಹತ್ತಿ ಬಂದು, ಊಟದ ಮೇಜಿನ ಆಚೆ ಬದಿಯಲ್ಲಿ ಕೂತು ಪಾಯಸ ಕೇಳುತ್ತಿತ್ತು. ಸುಗುಣನ್ ತಟ್ಟೆ ತಳ್ಳಿ ಎದ್ದ.

"ಹೋಗಿ, ಹೋಗಿ," ಎಂದಳು ತಂಗಿ. "ಅಲ್ಲಿ ಮುನಿಸ್ಕೊಂಡು ಇಲ್ಲಿಗೆ ಬಂದ್ರಿ. ಇಲ್ಲಿ ಮುನಿಸ್ಕೊಂಡು ಇನ್ನೆಲ್ಲಿಗೆ ಹೋಗ್ತೀರ? ಮುಂದೆ ಬರೀ ಮರಳುಗಾಡು. ಒಂದು ಮಾತು ಹೇಳಿರ್ತೀನಿ. ಹಾಲ್ ಮಧ್ಯದಲ್ಲಿ ಹೂವಿನ ರಂಗವಲ್ಲಿ ನಾನೇ ಹಾಕ್ತಿರೋದು. ಊರಿಂದ ವಿಮಾನದಲ್ಲಿ ಹೂ ತರಿಸಿದ್ದೀನಿ. ನನ್ನ ಗಂಡನ ರಟ್ಟಿನ ಬಾಲ ಅದರ ಮೇಲೆ ಓಡಾಡಿದ್ರೆ, ಅವರನ್ನೂ ಬಿಡಲ್ಲ, ಬಾಲದಲ್ಲಿ ನಿಂತೋರನ್ನೂ ಬಿಡಲ್ಲ."

ಸುಗುಣನ್ ಕೋಣೆಗೆ ಹೋಗಿ ಮಲಗಿದ. ನಿದ್ದೆ ಬರಲಿಲ್ಲ. ಅವಮಾನದ ಜೊತೆಗೆ ಇನ್ನೊಂದು ಯೋಚನೆ ಕೊರೆಯುತ್ತಿತ್ತು. ಪಕ್ಕದ ಬಾಗಿಲಿನಿಂದ ಒಳಗೆ ಬಂದು, ರಂಗವಲ್ಲಿಯನ್ನು ಸುತ್ತಿ, ವೇದಿಕೆಗೆ ಹೋಗಬೇಕು. ಕೊಕ್ಕು ಎಡಕ್ಕೆ ತಿರುಗಿದರೆ ಬಾಲ ಬಲಕ್ಕೆ ಬೀಸುತ್ತದೆ. ಬಲಕ್ಕೆ ಹೂವು. ಮುಂದಿನವರಿಗೆ ಬಾಲ ಕಾಣುವುದಿಲ್ಲ. ಮುದಲಾಳಿಗೆ ಬಾಲ ಬೀಸುತ್ತದೆಂದೇ ಗೊತ್ತಿಲ್ಲ. ಬೆಳಿಗ್ಗೆ ಎದ್ದವನು, "ನಿಲ್ತೀನಿ. ಒಂದು ಎಸಳು ಕದಲಬಾರದು, ಅಷ್ಟೇ," ಎಂದ.

ಶುಕ್ರವಾರ ಹಾಲ್ ತುಂಬಿ ತುಳುಕಿತು. ಜರಿಯಂಚಿನ ಸೀರೆಗಳು, ಮಲ್ಲಿಗೆ, ಅವಿಯಲ್ ಪರಿಮಳ. ನಟ್ಟ ನಡುವೆ ವಿಲಾಸಿನಿಯ ರಂಗವಲ್ಲಿ ಬಂಡಿಚಕ್ರದಗಲಕ್ಕೆ ಉರಿಯುತ್ತಿತ್ತು. ಪಕ್ಕದಲ್ಲಿ ಅವಳೇ ಸೊಂಟಕ್ಕೆ ಕೈಯಿಟ್ಟು ಕೋಟೆಯ ಕಾವಲುಗಾರ್ತಿಯಂತೆ ನಿಂತಿದ್ದಳು.

ಮೊಯ್ದೀನ್‌ಕುಟ್ಟಿ ಮುದಲಾಳಿ ಕಪ್ಪು ಕನ್ನಡಕ ಹಾಕಿ, ಚಿನ್ನದ ಬಣ್ಣದ ಹುಟ್ಟು ಹಿಡಿದು ಬಂದರು. ಕೋಝಿಕ್ಕೋಡಿನ ಗುಂಡಗಿನ, ನಗುಮೊಗದ ಮನುಷ್ಯ. "ನಾನೇನ್ ಮಾಡ್ಬೇಕಪ್ಪಾ?" ಎಂದು ಸುಗುಣನ್‌ನನ್ನೇ ಕೇಳಿದರು.

"ಹುಟ್ಟು ಎತ್ತಿ ಹಿಡೀರಿ ಮುದಲಾಳಿ. ನಗ್ತಾ ಇರಿ. ಯಾವ ಕಡೆಗೂ ನೂಕಬೇಡಿ."

"ಅಷ್ಟೇನಾ? ಅಂಗಡೀಲೂ ನಾನು ಅದನ್ನೇ ಮಾಡೋದು!"

ಮಾಮ್ಮಚ್ಚನ್ ಹಾಡು ಎತ್ತಿದರು. ತೈ ತೈ ಎಂದು ಗಂಡಸರೆಲ್ಲ ಕೂಗಿದರು. ನೌಕೆ ಬಾಗಿಲಿನಿಂದ ಒಳನುಗ್ಗಿತು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನಾಲ್ಕನೆಯ ಚುಕ್ಕಾಣಿಗ ಹೆಡೆಯ ಹಿಂದೆ ಸಂಪೂರ್ಣ ಮರೆಯಾಗಿದ್ದ. ಅವನ ಮೀಸೆಗೆ ಹಾಕಿದ ಎಣ್ಣೆಯೆಲ್ಲ ದಂಡ.

ತಿರುವಿನವರೆಗೆ ಎಲ್ಲ ಸರಿಯಾಗಿತ್ತು. ಆಗ ಚಾವಣಿಯ ಏಸಿ, ಸ್ವತಃ ಭುವನೇಂದ್ರನ್‌ನ ಕಂಪನಿಯದ್ದು, ಹೆಡೆಯ ಕೆನ್ನೆಗೆ ಫಟ್ಟನೆ ಗಾಳಿ ಹೊಡೆಯಿತು. ಬಾಲ ಬಲಕ್ಕೆ ಓಲಾಡಿತು. ಮುದಲಾಳಿಗೆ ಉತ್ಸಾಹ ಉಕ್ಕಿ, ಕ್ಯಾಮೆರಾದತ್ತ ತಿರುಗಿ, ಹುಟ್ಟನ್ನು ನೆಲಕ್ಕೆ ಊರಿ ನೂಕಿಯೇಬಿಟ್ಟರು. ಬಾಲ ಇನ್ನಷ್ಟು ಬಲಕ್ಕೆ ಹೊರಟಿತು. ಕೆಳಗೆ ಚೆಂಡುಹೂವಿನ ಮೊದಲ ಸುತ್ತು. ಆಚೆ ವಿಲಾಸಿನಿಯ ಕಣ್ಣು.

ಸುಗುಣನ್‌ನ ಕೈಯಲ್ಲಿ ಪ್ಲೈವುಡ್ಡು. ಅದರಿಂದ ನೊಣವನ್ನೂ ತಿರುಗಿಸಲಾಗದು. ಇದ್ದದ್ದು ಬಾಯಿ ಒಂದೇ. ಆ ಬಾಯಿಗೆ ಆ ಕ್ಷಣದಲ್ಲಿ ಮನುಷ್ಯರ ಭಾಷೆ ಹೊಳೆಯಲಿಲ್ಲ.

"ಹೋ... ಹೋ... ಡ್ರ್ರ್ರಾ!"

ಇದು ಕಾಲುವೆಯ ತಿರುವಿನಲ್ಲಿ ಸಾವಿರಾರು ಬಾತುಗಳು ಒಂದರ ಮೇಲೊಂದು ಬೀಳದಂತೆ ನಿಲ್ಲಿಸುವ ಕೂಗು. ದಂಡು ಗಕ್ಕನೆ ನಿಂತಿತು. ಬ್ಯಾಂಕಿನವರು ಒಂದು ಕಾಲು ಎತ್ತಿದವರು ಎತ್ತಿದಂತೆಯೇ ನಿಂತರು.

"ಡ್ರಾ ಡ್ರಾ ಡ್ರಾ... ಹಿಂದಿನವರು ಎಡಕ್ಕೆ! ಸಣ್ಣ ಹೆಜ್ಜೆ! ಕೊಕ್ಕು ಅಲ್ಲೇ ಇರ್ಲಿ! ಮುದಲಾಳಿ, ಹುಟ್ಟು ಮೇಲೆ! ನಗಿ! ಹೊಯ್ಯಾ... ಹೊಯ್, ಹೊಯ್, ಹೊಯ್!"

ಮಾಮ್ಮಚ್ಚನ್ ಏನೂ ತಿಳಿಯದೆ ಆ ಹೊಯ್ ಹೊಯ್ ಲಯಕ್ಕೇ ಹಾಡು ಹಿಡಿದರು. ಲೆಕ್ಕಿಗರು ಬಾತುಗಳಂತೆ ಹೆಜ್ಜೆಹೆಜ್ಜೆಯಾಗಿ ಎಡಕ್ಕೆ ಸರಿದರು. ರಟ್ಟಿನ ಬಾಲ ರಂಗವಲ್ಲಿಯ ಅಂಚಿನ ಮೇಲಿನಿಂದ, ತುಂಬೆಹೂವು ಉಸಿರಾಡುವಷ್ಟು ಜಾಗ ಬಿಟ್ಟು, ತೇಲಿಹೋಯಿತು. ಒಂದು ಎಸಳು ಕದಲಲಿಲ್ಲ. ನೌಕೆ ವೇದಿಕೆ ಮುಟ್ಟಿತು. ಹಾಲ್ ಹುಚ್ಚೆದ್ದು ಕೂಗಿತು. ಮೊದಲ ಚುಕ್ಕಾಣಿಗರಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋ ತೆಗೆದರು. ಫೋಟೋದಲ್ಲಿ ಸುಗುಣನ್‌ನದು ಒಂದು ಮೊಣಕೈ ಬಂದಿದೆ.

ಕಪ್ಪು ಕನ್ನಡಕ ತೆಗೆದು ಮುದಲಾಳಿ ಹಿಂದೆ ಬಂದರು. "ಹಿಂದೆ ಯಾರೋ ಬಾತುಕೋಳಿ ಕೂಗ್ತಿದ್ರಲ್ಲ, ನೀವೇನಾ? ಅಲ್ಲಾ ಮಾರಾಯ, ನನ್ನ ಕಾಲು ನನ್ನನ್ನು ಕೇಳದೆ ಎಡಕ್ಕೆ ಹೋಯ್ತು!"

ವಿಲಾಸಿನಿ ಬಂದಳು. ಅಣ್ಣನ ಎಲೆಗೆ ತಾನೇ ಎರಡು ಸೌಟು ಪಾಯಸ ಹೆಚ್ಚಾಗಿ ಬಡಿಸಿದಳು.

ಸುಗುಣನ್ ಪಾಯಸಕ್ಕೆ ಹಪ್ಪಳ ಪುಡಿಮಾಡಿ ಹಾಕಿಕೊಂಡು ಕೂತ. ಮುಂದಿದ್ದವನನ್ನು ಎಲ್ಲರೂ ನೋಡಿದ್ದರು. ನಡೆದದ್ದು ಮಾತ್ರ ಹಿಂದೆ ನಿಂತ ತಾನು ಹೇಳಿದಂತೆ. ಈ ಎರಡು ಸಂಗತಿಗಳು ಬೇರೆ ಬೇರೆ ಇರಬಹುದು ಎಂದು ಅವನಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಟೀವಿಯಲ್ಲಿ ಕಂಡ ಬಿನುಲಾಲನ ಬಗ್ಗಿದ ಬೆನ್ನು ನೆನಪಾಯಿತು. ತಡಿ ಎನ್ನಲು ಹಿಂದೆ ಒಂದು ಬಾಯಿ ಇರಲಿಲ್ಲ. ಆ ಬಾಯಿ ಮಸ್ಕತ್ತಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿತ್ತು.

ಕೈ ತೊಳೆದು, ಹಾಲ್‌ನ ಹೊರಗಿನ ಬಿಸಿಲಿಗೆ ಬಂದು ತಂಗಮಣಿಗೆ ಫೋನು ಮಾಡಿದ. ಹಿನ್ನೆಲೆಯಲ್ಲಿ ಬಾತುಗಳ ಗದ್ದಲ.

"ಏನು?" ಎಂದಳು ತಂಗಮಣಿ.

"ಕ್ಲಬ್ಬಿನವ್ರು ಕೇಳಿದ್ರಾ?"

"ಕೇಳದೇ ಇರ್ತಾರಾ? ನಾಳೆಯೇ ಕೊನೆ ಅಂತೆ. ಬಿನುಲಾಲನ ಭಾವಮೈದುನ ಹೊಸ ಮುಂಡು ತಗೊಂಡು ಒಗೆದು ಒಣಗಿಸ್ತಿದ್ದಾನೆ. ಉಹೂಂ ಅಂದ್ಬಿಡ್ಲಾ?"

"ಆ ಮುಂಡನ್ನ ಮಡಚಿ ಒಳಗಿಡಕ್ಕೆ ಹೇಳು. ದೋಣಿಗೆ ನಾನು ಬರ್ತೀನಿ."

ಆಚೆ ಸ್ವಲ್ಪ ಹೊತ್ತು ಬಾತುಗಳಷ್ಟೇ ಮಾತಾಡಿದವು. "ಏನಂದ್ರಿ? ಯಾವ ಮಾತು ಬಂತು ಬಾಯಲ್ಲಿ?"

"ದೋಣಿ. ದೋಣಿ. ದೋಣಿ. ಆಣೆ ಇಟ್ಟಿದ್ದು ನನ್ನಪ್ಪನ ಮೇಲೆ. ಅವರೂ ದೋಣಿಯವರೇ, ನಾನು ನೋಡ್ಕೋತೀನಿ."

"ಮೊದಲನೇದು ಕೊಡಲ್ಲ. ಗೊತ್ತಲ್ಲ?"

"ಗೊತ್ತು. ನಾಲ್ಕನೇದು ಸಾಕು."

"ನಾಲ್ಕನೆಯವರಾಗಿ ಹಿಂದೆ ನಿಂತ್ಕೊಂಡು ಏನ್ ಮಾಡ್ತೀರಿ?"

"ನೀನು ಮನೇಲಿ ಮಾಡೋದನ್ನೇ," ಎಂದ ಸುಗುಣನ್.

ತಂಗಮಣಿ ನಕ್ಕಳೋ ಬಾತು ಕೂಗಿತೋ ಸರಿಯಾಗಿ ಕೇಳಿಸಲಿಲ್ಲ. "ಬೇಗ ಬನ್ನಿ," ಎಂದು ಫೋನಿಟ್ಟಳು. ಬಾಯಿಬಿಟ್ಟು ಕರೆದಿದ್ದಳು; ಮೊದಲ ಚುಕ್ಕಾಣಿ ಹೋದ ಮೇಲೂ.

ಮುಂದಿನ ಫೋನು ಬಿನುಲಾಲನಿಗೆ. ಹುಡುಗ ಒಂದೇ ರಿಂಗಿಗೆ ಎತ್ತಿಕೊಂಡು, "ಆಶಾನೇ!" ಎಂದ.

"ಗಾಳಿ ಬಂದಾಗ ಯಾಕೋ ಆತುರ ಬಿದ್ದೆ?" ಎಂದ ಗುರು. ಕ್ಷೇಮಸಮಾಚಾರ ಅಷ್ಟಕ್ಕೇ ಮುಗಿಯಿತು.

ಊರಿಗೆ ಬಂದ ಮೇಲೆ ಸುಗುಣನ್ ನಾಲ್ಕನೆಯ ಚುಕ್ಕಾಣಿ ಹಿಡಿದ. ಸೋಡಾ ಅಂಗಡಿಯವನು ಮದುವೆ ಫೋಟೋದ ಚಿಕ್ಕಪ್ಪನನ್ನು ಎರಡು ಸಲ ವಿಚಾರಿಸಿದ. ಮೂರನೆಯ ಸಲ ಸುಗುಣನ್ ಅವನ ಕಿವಿಯ ಹತ್ತಿರ ಡ್ರ್ರ್ರಾ ಎಂದ. ಅವನ ಕೈಯಲ್ಲಿದ್ದ ಬಾಟಲಿಯ ಗೋಲಿ ತಾನಾಗಿಯೇ ಒಳಗೆ ಬಿತ್ತು. ಅಭ್ಯಾಸದ ದಿನಗಳಲ್ಲಿ ಬಿನುಲಾಲ್ ಎದೆಯುಬ್ಬಿಸಿ ಮುಂದೆ ನಿಲ್ಲುತ್ತಿದ್ದ. ಹಿಂದಿನಿಂದ ಒಂದು ಸ್ವರ ತಡಿ ಎನ್ನುತ್ತಿತ್ತು, ಈಗ ಎನ್ನುತ್ತಿತ್ತು, ಮೂರ್ಖ ಎನ್ನುತ್ತಿತ್ತು, ಶಭಾಷ್ ಎನ್ನುತ್ತಿತ್ತು. ಪಾಪದ ಹುಡುಗನಿಗೆ ನಿದ್ದೆಯಲ್ಲೂ ಅದೇ ಕೇಳುತ್ತದೆಂದು ಅವನ ಹೆಂಡತಿ ದೂರು ತಂದಳು.

ಸಾಲುಪಂದ್ಯಗಳ ಮೊದಲನೆಯದರಲ್ಲಿ ನೆಡುಂತುರುತ್ತು ಗೆದ್ದಿತು. ಎರಡನೆಯದರಲ್ಲಿ ಕೊನೆಯ ಗಳಿಗೆಯಲ್ಲಿ ಕೂದಲೆಳೆಯಷ್ಟು ಎಡಕ್ಕೆ ವಾಲಿ ಸೋತಿತು. ತಡಿ ಎಂದದ್ದು ಸುಗುಣನ್‌ನೇ. ಸ್ವಲ್ಪ ತಡವಾಗಿ ಎಂದಿದ್ದ. ದಡದಲ್ಲಿ ಅಧ್ಯಕ್ಷರು, ಕ್ಲಬ್ಬಿನವರು, ಸೋಡಾ ಅಂಗಡಿಯವನು ಎಲ್ಲರೂ ಸುತ್ತುಗಟ್ಟಿ ನಿಂತರು. "ಏನಾಯ್ತು ಬಿನುಲಾಲ್?"

ಬಿನುಲಾಲ್ ಒಮ್ಮೆ ಗುರುವನ್ನು ನೋಡಿದ. ನೀರನ್ನು ನೋಡಿದ. "ಅಂತರಗಂಗೆ," ಎಂದ ಮುಖ ಗಟ್ಟಿಮಾಡಿಕೊಂಡು. "ಹುಟ್ಟಿಗೆ ಸಿಕ್ಕಿಹಾಕಿಕೊಳ್ತು."

ಎಲ್ಲರ ಕಣ್ಣೂ ನಾಲ್ಕನೆಯ ಚುಕ್ಕಾಣಿಗನತ್ತ ತಿರುಗಿದವು.

ಸುಗುಣನ್ ಹೆಗಲ ಟವೆಲನ್ನು ಕೊಡವಿದ. "ಹೌದು. ನಾನೂ ನೋಡಿದೆ," ಎಂದ. "ಇಷ್ಟು ದಪ್ಪ ಇತ್ತು."